ಪಕ್ಷ, ಮಾತು ಬದಲಿಸಿದ ನಾಯಕರ ಹಳೆ ವಿಡಿಯೊ ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಬೇಕಾ?

ಪರ: ತೋರಿಸಲೇಬೇಕು

ನಮ್ಮ ಬೆಳಗಾವಿ ಜಿಲ್ಲೆಯ ಅಥಣಿಯನ್ನೇ ನೋಡಿ. 2018ರಲ್ಲಿ ಕಾಂಗ್ರೆಸ್‌ನಿಂದ ಮಹೇಶ ಕುಮಠಳ್ಳಿ, ಬಿಜೆಪಿಯಿಂದ ಲಕ್ಷ್ಮಣ ಸವದಿ ನಿಂತಿದ್ದರು. ಕುಮಠಳ್ಳಿ ಗೆದ್ದರು. 2023ರಲ್ಲಿ ಅದೇ ಇಬ್ಬರು ಮತ್ತೆ ಎದುರಾಬದುರಾದರು. ಆದರೆ ಈ ಸಲ ಕುಮಠಳ್ಳಿ ಬಿಜೆಪಿ, ಸವದಿ ಕಾಂಗ್ರೆಸ್. ಸವದಿ ಗೆದ್ದರು. ಹೆಗಲ ಮೇಲಿನ ಶಾಲು ಮಾತ್ರ ಅದಲುಬದಲಾಗಿತ್ತು.

ಜಗದೀಶ ಶೆಟ್ಟರ್ 2023ರ ಏಪ್ರಿಲ್‌ನಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದರು. 2024ರ ಜನವರಿಯಲ್ಲಿ ವಾಪಸ್ ಬಂದರು. ಅದೇ ವರ್ಷ ನಮ್ಮ ಬೆಳಗಾವಿಯಿಂದ ಸಂಸದರಾದರು.

ಪಕ್ಷ ಬಿಡುವುದನ್ನೇ ನಾನು ತಪ್ಪು ಅನ್ನುತ್ತಿಲ್ಲ. ನನ್ನ ತಕರಾರು ಇರುವುದು ಅಳತೆಗೋಲಿನ ಬಗ್ಗೆ. ನಮ್ಮವರು ಆ ಕಡೆ ಹೋದರೆ ದ್ರೋಹ, ಆ ಕಡೆಯವರು ನಮ್ಮಲ್ಲಿಗೆ ಬಂದರೆ ‘ಸಿದ್ಧಾಂತ ಮೆಚ್ಚಿ ಬಂದರು’. ಎರಡೂ ಪಕ್ಷದ ವೇದಿಕೆಯಲ್ಲಿ ಇದೇ ಮಾತು. ಚಾನೆಲ್‌ಗಳೂ ಹಾಗೇ. ಒಬ್ಬರು ಮಾಡಿದರೆ ಕುದುರೆ ವ್ಯಾಪಾರ, ಇನ್ನೊಬ್ಬರು ಮಾಡಿದರೆ ಮಾಸ್ಟರ್ ಸ್ಟ್ರೋಕ್. ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ತಮ್ಮ ಪಕ್ಷಕ್ಕೆ ಕೈಕೊಟ್ಟಿದ್ದ, ಕುಮಠಳ್ಳಿಯೂ ಸೇರಿ 17 ಶಾಸಕರ ಅನರ್ಹತೆ ಎತ್ತಿಹಿಡಿಯಿತು, ಉಪಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಅಂತಲೂ ಹೇಳಿತು. ಒಂದೇ ತೀರ್ಪು. ಅದನ್ನು ಎರಡೂ ಕಡೆಯವರು ತಮಗೆ ಬೇಕಾದಷ್ಟೇ ಓದಿದರು.

ಹಾಗಾಗಿ ಅಂದಿನ ಮಾತು, ಇಂದಿನ ಮಾತು ಅಕ್ಕಪಕ್ಕ ಇಡಿ. ಆದರೆ ಎಲ್ಲರದ್ದೂ ಇಡಿ. ಒಂದೇ ಪಕ್ಷದವರ ವಿಡಿಯೊ ಹುಡುಕುವುದು ಪತ್ರಿಕೋದ್ಯಮ ಅಲ್ಲ, ಅದು ಪಕ್ಷದ ಕೆಲಸ.

ವಿರೋಧ: ಅದರಿಂದ ಬಚಾವಾಗುವವರು ನಾಯಕರೇ

ಹಳೆ ವಿಡಿಯೊ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಅಥಣಿಯ ಜನರಿಗೆ ಇದೆಲ್ಲ ಗೊತ್ತಿರಲಿಲ್ವಾ? ಯಾರು ಯಾವಾಗ ಎಲ್ಲಿದ್ದರು ಅಂತ ಅವರಿಗೆ ಟಿವಿಯವರು ಹೇಳಿಕೊಡಬೇಕಾ? ಎಲ್ಲ ಗೊತ್ತಿದ್ದೂ ಅವರು 2019ರ ಉಪಚುನಾವಣೆಯಲ್ಲಿ ಬಿಜೆಪಿಯ ಕುಮಠಳ್ಳಿಯನ್ನು ಗೆಲ್ಲಿಸಿದರು, 2023ರಲ್ಲಿ ಸೋಲಿಸಿದರು. ಮತದಾರರು ಲೆಕ್ಕ ಹಾಕುವ ರೀತಿಯೇ ಬೇರೆ.

ನನ್ನ ಸಂಕಟ ಮಹದಾಯಿಯದ್ದು, ಅಂದರೆ ನಾವೂ ಗೋವಾದವರೂ ಜಗಳವಾಡುತ್ತಿರುವ ಆ ನದಿಯ ನೀರಿನದ್ದು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭಾ ನದಿಗೆ ತಿರುಗಿಸಬಹುದಾದದ್ದು 3.9 ಟಿಎಂಸಿ. 2020ರ ಫೆಬ್ರುವರಿಯಲ್ಲಿ ಆ ತೀರ್ಪು ಗೆಜೆಟ್ ಆಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಡಿಪಿಆರ್‌ಗೆ (ವಿವರವಾದ ಯೋಜನಾ ವರದಿಗೆ) ಒಪ್ಪಿಗೆ ಕೊಟ್ಟಿತು. ಆಮೇಲೆ ಅರಣ್ಯ, ವನ್ಯಜೀವಿ ಅನುಮತಿ ಅಂತ ಕಡತ ಸಿಕ್ಕಿಕೊಂಡಿತು. ಸವದತ್ತಿ, ನರಗುಂದದ ಕಡೆಯ ರೈತರು ಅಂದಿನಿಂದ ಕಾಯುತ್ತಲೇ ಇದ್ದಾರೆ.

ಈ ವಿಷಯ ಸ್ಟುಡಿಯೊಗೆ ಬಂದರೆ ಏನಾಗುತ್ತದೆ? ‘ನಿಮ್ಮ ಸರ್ಕಾರ ಇದ್ದಾಗ ಏನು ಕಡಿದು ಕಟ್ಟೆ ಹಾಕಿದ್ರಿ?’ ಅಂತ ಒಬ್ಬರು. ‘ಗೋವಾದಲ್ಲಿ ನಿಮ್ಮ ಪಕ್ಷ ಏನು ಹೇಳ್ತಿದೆ ನೋಡ್ಕೊಳ್ಳಿ’ ಅಂತ ಇನ್ನೊಬ್ಬರು. ಗೋವಾದಲ್ಲಿ ಎರಡೂ ಪಕ್ಷದವರು ಈ ಯೋಜನೆಯನ್ನು ವಿರೋಧಿಸುತ್ತಾರೆ, ಇಲ್ಲಿ ಎರಡೂ ಪಕ್ಷದವರು ಬೇಕು ಅನ್ನುತ್ತಾರೆ. ಅಂದರೆ ಇಬ್ಬರ ಆರೋಪವೂ ನಿಜ. ನಿರೂಪಕರು ಎರಡು ಹಳೆ ವಿಡಿಯೊ ಹಾಕುತ್ತಾರೆ, ಇಬ್ಬರೂ ಕೂಗಾಡುತ್ತಾರೆ, ಜಾಹೀರಾತು ಬರುತ್ತದೆ. ನೀರಿನ ಸುದ್ದಿ ಅಲ್ಲಿಗೆ ಮುಗಿಯಿತು. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳ ಅಂದರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ನಾಯಕರಿಗೆ ಇದಕ್ಕಿಂತ ಜಾಸ್ತಿ ಆರಾಮ ಇನ್ನೇನಿದೆ?

ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ರಾಜ್ಯದ ಕ್ಯಾಮೆರಾಗಳೆಲ್ಲ ಬೆಳಗಾವಿಯಲ್ಲೇ ಇರುತ್ತವೆ. ಕಳಸಾ ನಾಲೆಯ ಕಣಕುಂಬಿ ಇದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿದೆ. ಅಲ್ಲಿಗೆ ಹೋಗಿ ಕೆಲಸ ಎಲ್ಲಿ ನಿಂತಿದೆ ಅಂತ ತೋರಿಸಿ. ಕಡತ ಈಗ ಯಾರ ಮೇಜಿನ ಮೇಲಿದೆ, ಅದಕ್ಕೆ ಉತ್ತರ ಬರೆಯಬೇಕಾದವರು ಯಾರು ಅಂತ ಕೇಳಿ. ನಾಯಕರು ‘ಅವರ ಕಾಲದಲ್ಲಿ’ ಅಂತ ಶುರು ಮಾಡಿದರೆ ಅಲ್ಲೇ ತಡೆದು, ಅದೇ ಪ್ರಶ್ನೆಯನ್ನು ಮತ್ತೆ ಕೇಳಿ.