ಮಾತ್ರೆ ಬಚ್ಚಿಡುವ ಜಾಗ

ಒಲೆಯ ಮೇಲಿನ ಅಟ್ಟದಲ್ಲಿ, ಹಳೇ ಗೊಬ್ಬರದ ಚೀಲದ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ 17 ಮಾತ್ರೆ. ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಲೈನ್ ಮನೆಯ (ಕೆಲಸದವರ ಸಾಲು ಮನೆ) ಹುಡುಗನೊಬ್ಬ ಆ ಕವರನ್ನು ತಂದು ನನ್ನ ಕೈಗಿಟ್ಟ. ಮಾತ್ರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಾಲ್ಕೈದು ಉಬ್ಬಿ ಬಿರುಕು ಬಿಟ್ಟಿದ್ದವು. ಒಂದನ್ನು ಬೆರಳಲ್ಲಿ ಒತ್ತಿದೆ, ಒದ್ದೆ ಸೀಮೆಸುಣ್ಣದ ಹಾಗೆ ಪುಡಿಯಾಯಿತು. "ಅಣ್ಣಾ, ಇಷ್ಟು ದಿನ ಇದನ್ನೇ ನುಂಗ್ತಿದ್ದೆ. ಏನೂ ಆಗಲ್ಲ ಅಲ್ವಾ?" ಅಂದ.

ಅದು ಯಾವ ಮಾತ್ರೆ ಅಂತ ನಾನು ಕೇಳಬೇಕಾಗಿರಲಿಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ನಾನೂ ಅದನ್ನೇ ನುಂಗುತ್ತೇನೆ.

ಹೌದು, ನನಗೆ ಎಚ್‌ಐವಿ ಇದೆ. 2009ರಲ್ಲಿ ಮಾತ್ರೆ ಶುರು ಮಾಡಿದೆ. ಕೊಡಗಿನ ಸುಂಟಿಕೊಪ್ಪದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಹೆಂಡತಿಗೆ, ಅಕ್ಕನಿಗೆ, ತೋಟದ ಯಜಮಾನರಿಗೆ ವಿಷಯ ಗೊತ್ತಿದೆ. ಉಳಿದವರಿಗೆ ಈ ಬರಹದಿಂದಲೇ ಗೊತ್ತಾಗಬೇಕು. ಬರೆಯಲೋ ಬೇಡವೋ ಅಂತ ಎರಡು ತಿಂಗಳು ಯೋಚನೆ ಮಾಡಿದೆ. ಆ ಕವರ್ ಕಣ್ಣಿಂದ ಹೋಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಈ ಮಾತ್ರೆಯಿಂದಲೇ ತೊಂದರೆಯಾದವರನ್ನು ನಾನು ಕಂಡದ್ದು ಕಡಿಮೆ. ಮಾತ್ರೆಯನ್ನು ಬಚ್ಚಿಟ್ಟು ತೊಂದರೆಗೆ ಸಿಕ್ಕಿಕೊಂಡವರನ್ನೇ ಜಾಸ್ತಿ ನೋಡಿದ್ದೇನೆ.

ನಾನು ಶುರು ಮಾಡಿದ ಕಾಲ ಬೇರೆ ಇತ್ತು. ನಮ್ಮ ದೇಶದಲ್ಲಿ ಸರ್ಕಾರ ಉಚಿತವಾಗಿ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ ಕೊಡಲು ಶುರು ಮಾಡಿದ್ದೇ 2004ರ ಏಪ್ರಿಲ್ 1ರಂದು. ಆಗೆಲ್ಲ ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣದ ಎಣಿಕೆ) ಇಳಿಯುವವರೆಗೂ ಕಾಯಬೇಕಿತ್ತು. ನನ್ನ ಮಾತ್ರೆಯಲ್ಲಿ ನೆವಿರಪಿನ್ ಅನ್ನುವ ಔಷಧಿ ಇತ್ತು. ಮೊದಲ 14 ದಿನ ಅದು ದಿನಕ್ಕೆ ಒಂದೇ, ಆಮೇಲೆ ಎರಡು. ಮೈಮೇಲೆ ಗುಳ್ಳೆ ಎದ್ದರೆ ಕೂಡಲೇ ಬನ್ನಿ ಅಂದಿದ್ದರು. ಆ ಎರಡು ವಾರ ದಿನಾ ಬೆಳಗ್ಗೆ ಅಂಗಿ ಬಿಚ್ಚಿ ಕನ್ನಡಿಯಲ್ಲಿ ಬೆನ್ನು ನೋಡಿಕೊಂಡಿದ್ದೇನೆ. ಆಮೇಲೆ ಎಫಾವಿರೆಂಜ್ ಬಂತು. ಮಲಗುವಾಗ ತೆಗೆದುಕೊಳ್ಳಬೇಕು. ತಲೆ ತಿರುಗುತ್ತಿತ್ತು, ಏನೇನೋ ಕನಸು ಬೀಳುತ್ತಿತ್ತು.

ಈಗ ಕೊಡುವುದು ಒಂದೇ ಮಾತ್ರೆ, ದಿನಕ್ಕೆ ಒಂದೇ ಸಲ. ಟಿಎಲ್‌ಡಿ ಅಂತಾರೆ. ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50, ಮೂರೂ ಒಂದರಲ್ಲೇ. ಊಟ ಆಗಿರಲಿ ಬಿಡಲಿ, ತೆಗೆದುಕೊಳ್ಳಬಹುದು. ಕೆಲವರಿಗೆ ನಿದ್ದೆ ಸರಿಯಾಗಿ ಬರಲ್ಲ, ಅಂಥವರು ಡಾಕ್ಟರನ್ನು ಕೇಳಿ ಬೆಳಗ್ಗೆಗೆ ಬದಲಾಯಿಸಿಕೊಳ್ಳುತ್ತಾರೆ. ಕೆಲವರು ದಪ್ಪ ಆಗುತ್ತಾರೆ, ನಾನೂ ಆಗಿದ್ದೇನೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಪಾಸಿಟಿವ್ ಅಂತ ತಿಳಿದವರಿಗೆಲ್ಲ ಮಾತ್ರೆ ಕೊಡುತ್ತಾರೆ. ಇಷ್ಟು ಸುಲಭವಾದ ಮೇಲೂ ಆ ಹುಡುಗನ ಮಾತ್ರೆ ಅಟ್ಟ ಸೇರಿತ್ತು.

ಯಾಕೆ ಅಂತ ಕೇಳಿದೆ. ಲೈನ್ ಮನೆಯಲ್ಲಿ ಒಂದು ಗೋಡೆ ದಾಟಿದರೆ ಇನ್ನೊಬ್ಬರ ಮನೆ. ಡಬ್ಬಿ ತೆಗೆದರೆ ಮಾತ್ರೆ ಗಲಗಲ ಅನ್ನುತ್ತದೆ. ಡಬ್ಬಿಯ ಮೇಲೆ ಮಾತ್ರೆಯ ಹೆಸರೂ ಇದೆ. ಅದಕ್ಕೇ ಕವರಿಗೆ ಸುರಿದುಕೊಂಡು ಡಬ್ಬಿಯನ್ನು ತೋಡಿಗೆ ಎಸೆದಿದ್ದಾನೆ.

ನಮ್ಮ ಕೊಡಗಿನ ಮಳೆ ಗೊತ್ತಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಉಪ್ಪಿನ ಭರಣಿ ನೀರೊಡೆಯುತ್ತದೆ. ಬೆಂಕಿಕಡ್ಡಿ ಹತ್ತಲ್ಲ. ಬೀರುವಿನಲ್ಲಿಟ್ಟ ಬಟ್ಟೆಗೂ ಬೂಷ್ಟು. ಅಂಥದ್ದರಲ್ಲಿ ಒಲೆಯ ಶಾಖ ಒಂದು ಕಡೆ, ಸೋರುವ ಹೆಂಚು ಒಂದು ಕಡೆ. ಆ ಡಬ್ಬಿಯೊಳಗೆ ಒಂದು ಚಿಕ್ಕ ಪೊಟ್ಟಣ ಇರುತ್ತದೆ, ನೋಡಿರಬಹುದು. ಸುಮ್ನೆ ಹಾಕಿದ್ದಲ್ಲ ಅದು, ತೇವ ಹೀರುವುದಕ್ಕೆ ಇರುವುದು. ಅದನ್ನು ಬಿಸಾಕಬಾರದು, ತಿನ್ನಲೂಬಾರದು. ಮಾತ್ರೆ ತೆಗೆದ ಕೂಡಲೇ ಮುಚ್ಚಳ ಬಿಗಿ ಮಾಡಬೇಕು. ಅಡುಗೆಮನೆ, ಬಚ್ಚಲು ಬಿಟ್ಟು ಒಣಗಿದ ಜಾಗದಲ್ಲಿ, ಮಕ್ಕಳ ಕೈಗೆ ಎಟುಕದ ಹಾಗೆ ಇಡಬೇಕು. ಡಬ್ಬಿ ಸದ್ದು ಮಾಡುತ್ತೆ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಡಬ್ಬಿ ಸಮೇತ ಒಂದು ದಪ್ಪ ಉಣ್ಣೆ ಕಾಲುಚೀಲದೊಳಗೆ ಇಳಿಸಿ. ಸದ್ದೂ ಬರಲ್ಲ, ಹೆಸರೂ ಕಾಣಲ್ಲ. ನಾನು ಏಳೆಂಟು ವರ್ಷ ಹಾಗೇ ಇಟ್ಟಿದ್ದೆ.

ಹಾಳಾದ ಮಾತ್ರೆಗಿಂತ ದೊಡ್ಡ ಸಂಗತಿ ಆಮೇಲೆ ಹೊರಬಂತು. ಅವನ ಅತ್ತೆ ಊರಿಂದ ಬಂದು ಒಂಬತ್ತು ದಿನ ಇದ್ದರಂತೆ. ಅಷ್ಟೂ ದಿನ ಅಟ್ಟ ಹತ್ತಲು ಆಗಲಿಲ್ಲ. ಒಂಬತ್ತು ದಿನ ಮಾತ್ರೆ ಇಲ್ಲ.

ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಮಿಕ್ಕ ಮಾತ್ರೆ ಎಣಿಸುವಾಗ ಹಲವರಿಗೆ ಬೇಜಾರಾಗುತ್ತದೆ, ನಂಬಿಕೆ ಇಲ್ಲವಾ ಅಂತ. ಲೆಕ್ಕ ಹೀಗಿದೆ. ನುಂಗಬೇಕಾದ ಮಾತ್ರೆಯಲ್ಲಿ ನುಂಗಿದ್ದು ನೂರಕ್ಕೆ 95ಕ್ಕಿಂತ ಕಡಿಮೆ ಆಗಬಾರದು ಅನ್ನುತ್ತಾರೆ. ಅಂದರೆ 30 ಮಾತ್ರೆಯಲ್ಲಿ ತಪ್ಪಿದರೆ ಒಂದು. ಎರಡು ತಪ್ಪಿದರೂ ಲೆಕ್ಕದಿಂದ ಹೊರಗೆ. ಮಾತ್ರೆ ರಕ್ತದಲ್ಲಿ ಕಮ್ಮಿಯಾದಾಗ ವೈರಸ್ ಮತ್ತೆ ಹೆಚ್ಚುತ್ತದೆ. ಅರೆಬರೆ ಔಷಧಿಯ ನಡುವೆ ಬೆಳೆದ ವೈರಸ್ಸಿಗೆ ಆ ಔಷಧಿ ಆಮೇಲೆ ನಾಟದೇ ಹೋಗಬಹುದು. ಆಗ ಬೇರೆ ಮಾತ್ರೆಗೆ ಹೋಗಬೇಕು, ಅದು ದಿನಕ್ಕೆ ಒಂದರಲ್ಲಿ ಮುಗಿಯಲಿಕ್ಕಿಲ್ಲ.

ಒಂದು ಹೊತ್ತು ಮರೆತರೆ? ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಮಾತ್ರೆಯ ಹೊತ್ತಿಗೆ ನಾಲ್ಕು ಗಂಟೆಯೂ ಉಳಿದಿಲ್ಲ ಅಂದರೆ ಮರೆತದ್ದನ್ನು ಬಿಟ್ಟು ಮುಂದಿನದನ್ನು ಅದರ ಹೊತ್ತಿಗೆ ತೆಗೆದುಕೊಳ್ಳಿ. ನಿನ್ನೆಯದ್ದೂ ಇವತ್ತಿನದ್ದೂ ಸೇರಿಸಿ ಎರಡು ನುಂಗುವುದು ಬೇಡ.

ಡಾಕ್ಟರ ಹತ್ತಿರವೂ ಬಚ್ಚಿಡುವವರಿದ್ದಾರೆ, ಅದು ಅಟ್ಟಕ್ಕಿಂತ ಅಪಾಯ. ನಮ್ಮಲ್ಲಿ ಕಾಫಿ ಕುಯ್ಯುವ ಒಬ್ಬ ಅಕ್ಕ ಇದ್ದಾರೆ. ಕುಯ್ಲು ಶುರುವಾದರೆ ಬೆಳಗ್ಗೆಯಿಂದ ಸಂಜೆಯವರೆಗೂ ಕತ್ತು ಮೇಲೆತ್ತಿ ಗಿಡ ಬಗ್ಗಿಸುವುದು, ಆಮೇಲೆ ಮೂಟೆ ಹೊರುವುದು. ಸೊಂಟ ನೋವಿಗೆ ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ದಿನಕ್ಕೆ ಎರಡರಂತೆ ಎರಡು ತಿಂಗಳು ನುಂಗಿದ್ದಾರೆ. ಮೆಡಿಕಲ್‌ನವರಿಗೆ ಇವರ ಎಚ್‌ಐವಿ ಗೊತ್ತಿಲ್ಲ, ಎಆರ್‌ಟಿ ಡಾಕ್ಟರಿಗೆ ಇವರ ನೋವಿನ ಮಾತ್ರೆ ಗೊತ್ತಿಲ್ಲ. ರಕ್ತ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ (ಮೂತ್ರಪಿಂಡ ಸರಿಯಾಗಿದೆಯಾ ಅಂತ ತೋರಿಸುವ ಅಂಶ) ಏರಿದ್ದು ಕಂಡಾಗಲೇ ಎಲ್ಲ ಬಯಲಾಯಿತು. ಟೆನೊಫೊವಿರ್ ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಥರದ ಮಾತ್ರೆ ಜಾಸ್ತಿಯಾದರೆ ಅದರ ಮೇಲೇ ಇನ್ನೊಂದು ಹೊರೆ. ನೋವಿನ ಮಾತ್ರೆ ನಿಲ್ಲಿಸಿದರು, ಕ್ರಿಯೇಟಿನಿನ್ ಇಳಿಯಿತು. "ಬೆನ್ನು ನೋವೂ ಹೇಳ್ಬೇಕಾ ಅವರತ್ರ? ಅವರು ಆ ಕಾಯಿಲೆ ಡಾಕ್ಟ್ರಲ್ವಾ" ಅಂದರು ನನ್ನ ಹತ್ತಿರ. ಎಲ್ಲವನ್ನೂ ಹೇಳಬೇಕು ಅಕ್ಕ.

ಗುಲಾಬಿ ಬಣ್ಣದ ಎದೆಯುರಿ ಸಿರಪ್ ಯಾರ ಮನೆಯಲ್ಲಿಲ್ಲ? ಅದರಲ್ಲಿ ಅಲ್ಯೂಮಿನಿಯಂ, ಮೆಗ್ನೀಷಿಯಂ ಇದ್ದರೆ ಅವು ಹೊಟ್ಟೆಯಲ್ಲೇ ಡೊಲುಟೆಗ್ರಾವಿರನ್ನು ಹಿಡಿದುಕೊಳ್ಳುತ್ತವೆ. ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಎಚ್‌ಐವಿ ಮಾತ್ರೆ ನುಂಗಿ ಎರಡು ಗಂಟೆ ಆದ ಮೇಲೆ ಆ ಸಿರಪ್ ಕುಡಿಯಬಹುದು. ಸಿರಪ್ ಮೊದಲು ಕುಡಿದಿದ್ದರೆ ಆರು ಗಂಟೆ ಬಿಟ್ಟು ಮಾತ್ರೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಅಂತರ, ಆದರೆ ಊಟದ ಜೊತೆಗಾದರೆ ಅವನ್ನು ಒಟ್ಟಿಗೇ ತೆಗೆದುಕೊಳ್ಳಬಹುದು. ಬಸುರಿ ಹೆಂಗಸರಿಗೆ ಆಸ್ಪತ್ರೆಯಲ್ಲಿ ಈ ಎರಡನ್ನೂ ಕೊಡುತ್ತಾರೆ, ಅವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಲೇಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರು, ಫಿಟ್ಸ್ ಮಾತ್ರೆ ತಿನ್ನುವವರು, ಕ್ಷಯಕ್ಕೆ ಚಿಕಿತ್ಸೆಯಲ್ಲಿರುವವರು ತಪ್ಪದೇ ಎರಡೂ ಕಡೆ ಬಾಯಿಬಿಡಬೇಕು. ಕ್ಷಯದ ರಿಫಾಂಪಿಸಿನ್ ಡೊಲುಟೆಗ್ರಾವಿರನ್ನು ದೇಹದಲ್ಲಿ ಕಮ್ಮಿ ಮಾಡುತ್ತದೆ. ಅದಕ್ಕೆ 12 ಗಂಟೆ ಬಿಟ್ಟು 50 ಮಿಲಿಗ್ರಾಂನ ಇನ್ನೊಂದು ಡೊಲುಟೆಗ್ರಾವಿರ್ ಕೊಡುತ್ತಾರೆ. ಹೇಳದಿದ್ದರೆ ಯಾರು ಕೊಡುತ್ತಾರೆ?

ಮದ್ದು ಸೊಪ್ಪಿನ ಮಾತೂ ಹೇಳಬೇಕು. ಆಗಸ್ಟ್ 3, ಆಟಿ 18ಕ್ಕೆ ನಮ್ಮ ಮನೆಯಲ್ಲೂ ಆ ಸೊಪ್ಪಿನ ರಸದಲ್ಲಿ ಮದ್ದು ಪಾಯಸ ಆಗುತ್ತದೆ, ಒಂದು ಬಟ್ಟಲು ನಾನೂ ತಿನ್ನುತ್ತೇನೆ. 18 ಮದ್ದು ಸೇರಿದ ಸೊಪ್ಪು ಅನ್ನುವ ನಂಬಿಕೆ ನಮ್ಮದು, ಅದರ ಮೇಲೆ ನನಗೆ ಪ್ರೀತಿಯಿದೆ. ಆದರೆ "ಇವತ್ತು ಮದ್ದು ತಿಂದಿದ್ದೀನಿ, ಮಾತ್ರೆ ಬೇಡ" ಅಂದವರನ್ನು ಕಂಡಿದ್ದೇನೆ. ಅದು ಆಗದ ಮಾತು. (ಕ್ಷಯದ ಮಾತ್ರೆ ತಿನ್ನುವವರ ಮೂತ್ರ ಕೇಸರಿಗೆ ತಿರುಗುತ್ತದೆ, ಮದ್ದು ಪಾಯಸ ತಿಂದ ಮರುದಿನ ಎಲ್ಲರದ್ದೂ ಕೆಂಪು. ಎರಡಕ್ಕೂ ಗಾಬರಿ ಬೇಡ.) ಹಾಗೆಯೇ ಬುಡಸಮೇತ ವಾಸಿ ಮಾಡುತ್ತೇವೆ ಅಂತ ಪುಡಿ, ಲೇಹ್ಯ ಮಾರುವವರು. ಅವರ ಮಾತು ಕೇಳಿ ಮಾತ್ರೆ ಬಿಟ್ಟ ನನ್ನ ಪರಿಚಯದ ಇಬ್ಬರು ಇವತ್ತು ಇಲ್ಲ. ಈ ಮಾರಾಟಗಾರರ ಮೇಲೆ ನನಗಿರುವ ಸಿಟ್ಟು ಅಷ್ಟಿಷ್ಟಲ್ಲ.

ಮದುವೆ, ಹುತ್ತರಿ (ನಮ್ಮ ಸುಗ್ಗಿ ಹಬ್ಬ) ಬಂದರೆ ಕುಡಿತ ಇದ್ದದ್ದೇ. "ಕುಡಿದ ದಿನ ಮಾತ್ರೆ ತಗೊಂಡ್ರೆ ವಿಷ ಆಗುತ್ತೆ" ಅಂತ ಅವತ್ತಿನ ಮಾತ್ರೆ ಬಿಡುವವರು ತುಂಬ ಜನ. ಬಿಡಬೇಡಿ. ಕುಡಿತ ಕಮ್ಮಿ ಮಾಡಿದರೆ ಲಿವರಿಗೂ ಒಳ್ಳೆಯದು, ನೆನಪಿಗೂ ಒಳ್ಳೆಯದು. ಆದರೆ ಕುಡಿದಿದ್ದೀರಿ ಅನ್ನುವ ಕಾರಣಕ್ಕೆ ಮಾತ್ರೆ ತಪ್ಪಿಸಬೇಡಿ. ಹೆಪಟೈಟಿಸ್ ಬಿ ಕೂಡ ಇರುವವರು ಮಾತ್ರೆಯನ್ನು ತಾವೇ ನಿಲ್ಲಿಸಿದರೆ ಲಿವರಿನ ಕಾಯಿಲೆ ಕೆರಳಬಹುದು, ಅದೂ ನೆನಪಿರಲಿ.

2018ರ ಆಗಸ್ಟ್ ಮರೆಯಲು ಆಗುತ್ತಾ? ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದ ದಿನಗಳು. ನಾವು ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ಬಂದಾಗ ನನ್ನ ಜೇಬಿನಲ್ಲಿದ್ದದ್ದು ನಾಲ್ಕು ಮಾತ್ರೆ. ಮಡಿಕೇರಿಗೆ ದಾರಿ ಇಲ್ಲ. ಊಟ, ಹೊದಿಕೆ, ಬಟ್ಟೆ ಎಲ್ಲ ಕೊಟ್ಟರು, ಜನ ಅಷ್ಟು ಚೆನ್ನಾಗಿ ನೋಡಿಕೊಂಡರು. ಆದರೆ ನೂರಾರು ಜನ ಮಲಗಿರುವ ಹಾಲ್‌ನಲ್ಲಿ ನನಗೆ ಬೇಕಾದದ್ದನ್ನು ಯಾರ ಹತ್ತಿರ ಕೇಳಲಿ? ಮೂರನೇ ದಿನ ಮೈಸೂರಿಗೆ ಬಸ್ ಹತ್ತಿದೆ. ಪುಣ್ಯಕ್ಕೆ ಚಿಕಿತ್ಸೆಯ ವಿವರ ಬರೆದ ಹಸಿರು ಪುಸ್ತಕ ಬ್ಯಾಗಿನಲ್ಲಿತ್ತು. ಅಲ್ಲಿನ ಕೇಂದ್ರದಲ್ಲಿ ಅದನ್ನು ನೋಡಿ ಮಾತ್ರೆ ಕೊಟ್ಟರು. ಕೌಂಟರಿನಲ್ಲಿದ್ದ ತಾಯಿ "ಕೊಡಗಿನಿಂದನಾ? ಮನೆಯೆಲ್ಲ ಇದೆಯಾ?" ಅಂದರು. ಅಲ್ಲೇ ಅತ್ತುಬಿಟ್ಟೆ. ಅವತ್ತಿನಿಂದ ಜೂನ್ ಬರುವ ಮೊದಲೇ ಕನಿಷ್ಠ ಒಂದು ತಿಂಗಳದ್ದು ಜಾಸ್ತಿ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಪುಸ್ತಕದ ಫೋಟೋ ಫೋನಿನಲ್ಲಿದೆ. ಮಳೆಗಾಲಕ್ಕೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಕೊಡುತ್ತೀರಾ ಅಂತ ಕೇಳಿ. ಸರಿಯಾಗಿ ತೆಗೆದುಕೊಳ್ಳುವವರಿಗೆ ಕೊಡುತ್ತಾರೆ.

ಬಚ್ಚಿಡುವವರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಬಚ್ಚಿಡಬೇಕಾದ ಹಾಗೆ ಮಾಡಿದವರು ನಾವೇ ಅಲ್ವಾ? ಒಂದು ಆಸ್ಪತ್ರೆಯಲ್ಲಿ ಹಲ್ಲು ಕೀಳಿಸಲು ಹೋದಾಗ ನಿಜ ಹೇಳಿದೆ. ಚೀಟಿ ಬರೆಯುವವರು ಇಡೀ ಸಾಲಿಗೆ ಕೇಳುವ ಹಾಗೆ ಕೂಗಿ ಹೇಳಿದರು. ಹಲ್ಲು ಕೀಳಿಸದೇ ವಾಪಸ್ ಬಂದೆ. ಆಮೇಲೆ ಎರಡು ವರ್ಷ ಯಾವ ಡಾಕ್ಟರ ಹತ್ತಿರವೂ ನಿಜ ಹೇಳಲಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ, ಎಚ್‌ಐವಿ ಇದೆ ಅಂತ ಕೆಲಸದಿಂದ ತೆಗೆಯುವ ಹಾಗಿಲ್ಲ, ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಚೀಟಿ ಬರೆಯುವವರಿಂದ ಹಿಡಿದು ಎಲ್ಲರಿಗೂ ಇದು ಗೊತ್ತಿರಬೇಕು.

ಇನ್ನೊಂದು ವಿಷಯ, ಇದನ್ನು ಜನ ನಂಬುವುದೇ ಇಲ್ಲ. ಮಾತ್ರೆ ತಪ್ಪದೆ ತೆಗೆದುಕೊಂಡು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ, ಲೈಂಗಿಕ ಸಂಬಂಧದಿಂದ ಸಂಗಾತಿಗೆ ಎಚ್‌ಐವಿ ದಾಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಯಾವತ್ತೂ ದಾಟುತ್ತಿರಲಿಲ್ಲ. ನನ್ನ ಹೆಂಡತಿ ಇವತ್ತಿಗೂ ನೆಗೆಟಿವ್.

ಆ ಹುಡುಗನನ್ನು ಮರುದಿನವೇ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಹಾಳಾದ ಮಾತ್ರೆ ಇಟ್ಟುಕೊಂಡು ಹೊಸ ಡಬ್ಬಿ ಕೊಟ್ಟರು. ವೈರಲ್ ಲೋಡ್ ಏರಿತ್ತು. ಅಲ್ಲಿನ ಕೌನ್ಸೆಲರ್ (ಆಪ್ತ ಸಲಹೆಗಾರರು) ಬೈಯಲಿಲ್ಲ, ಅತ್ತೆ ಬಂದಾಗ ಏನು ಮಾಡಬಹುದು ಅಂತ ಅವನ ಜೊತೆ ಕೂತು ಯೋಚಿಸಿದರು. ತಿಂಗಳ ಮೇಲೆ ಅವನು ಹೆಂಡತಿಗೆ ತಾನೇ ಹೇಳಿದ. ಅವಳು ಎರಡು ದಿನ ಮಾತಾಡಲಿಲ್ಲವಂತೆ. ಮೂರನೇ ದಿನ ಇಬ್ಬರೂ ಮಡಿಕೇರಿಗೆ ಹೋಗಿ ಅವಳ ಪರೀಕ್ಷೆ ಮಾಡಿಸಿದರು. ನೆಗೆಟಿವ್ ಬಂತು.

ಯಾರಿಗಾದರೂ ಕೇಳುವುದಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಹೋಗಲ್ಲ. ನನಗೆ ಇನ್‌ಬಾಕ್ಸ್ ಮಾಡಿದರೂ ಆಯಿತು. ನಿಮ್ಮ ಮಾತ್ರೆ ಬದಲಾಯಿಸುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ ಕೆಲಸ, ಅದನ್ನು ನಾನು ಹೇಳಲ್ಲ. ಜೊತೆಗೆ ಬನ್ನಿ ಅಂದರೆ ಬರುತ್ತೇನೆ. ಬರುವ ಸೋಮವಾರ ಆ ಹುಡುಗನಿಗೆ ವೈರಲ್ ಲೋಡ್ ಪರೀಕ್ಷೆ ಇದೆ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇವೆ, ಈ ಸಲ ಅವನ ಹೆಂಡತಿಯೂ ಬರುತ್ತಾಳಂತೆ.