ಚಿತ್ರಾನ್ನದ ಕಳ್ಳಸಾಗಣೆ

ವಾಟರ್ ಪಾರ್ಕಿನ ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿಯವರ ಮೂಗು ಬಲು ಚುರುಕು. ಬ್ಯಾಗಿನ ಜಿಪ್ ತೆಗೆಯುವ ಮೊದಲೇ ಅವರಿಗೆ ಒಗ್ಗರಣೆಯ ವಾಸನೆ ಹತ್ತಿರುತ್ತದೆ. ಚಾಕು, ಬೆಂಕಿಪೊಟ್ಟಣ ಇದೆಯಾ ಎಂದು ಕೇಳುವುದು ಬಾಯಿಮಾತಿಗೆ. ಕೈ ನೇರವಾಗಿ ಟವೆಲ್ಲಿನ ಕೆಳಗೆ ಇಳಿಯುತ್ತದೆ. ಸ್ಟೀಲ್ ಡಬ್ಬಿ ಸಿಕ್ಕಿತೋ, ಮುಗೀತು. ಹೊರಗಿನ ಊಟಕ್ಕೆ ಒಳಗೆ ಪ್ರವೇಶವಿಲ್ಲ. ಹಿಂದೆ ಕ್ಯೂನಲ್ಲಿರುವ ನೂರು ಜನ ಕತ್ತು ಉದ್ದ ಮಾಡಿ ನೋಡುತ್ತಾರೆ. ಅವರ ಬ್ಯಾಗಿನಲ್ಲೂ ಅದೇ ಇರುತ್ತದೆ, ಆ ಮಾತು ಬೇರೆ.

ಮಕ್ಕಳಿಗೆ ರಜೆ ಸಿಕ್ಕ ಕೂಡಲೇ ಮಧ್ಯಮ ವರ್ಗದ ಮನೆಗಳಲ್ಲಿ ಈ ಅಪರಾಧದ ತಯಾರಿ ಶುರುವಾಗುತ್ತದೆ. ಹಿಂದಿನ ರಾತ್ರಿಯೇ ಪುಳಿಯೋಗರೆ ಗೊಜ್ಜು ಕುದಿಯುತ್ತದೆ. ಹುಣಸೆಹುಳಿ, ಎಳ್ಳೆಣ್ಣೆ ಬಿದ್ದ ಅನ್ನ ಸಂಜೆಯವರೆಗೆ ಕೆಡುವುದಿಲ್ಲ ಎಂದು ಎಲ್ಲ ಅಮ್ಮಂದಿರಿಗೂ ಗೊತ್ತು. ಮೊಸರನ್ನಕ್ಕೆ ಇನ್ನೂ ಜಾಣತನ ಬೇಕು. ಅನ್ನಕ್ಕೆ ಹಾಲನ್ನೇ ಜಾಸ್ತಿ ಹಾಕಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಮೊಸರು ಬೆರೆಸಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲೇ ಹದವಾಗಿ ಹೆಪ್ಪಾಗಿರುತ್ತದೆ. ಚಪಾತಿ ಹಿಟ್ಟಿಗೂ ಸ್ವಲ್ಪ ಹಾಲು, ಮೆತ್ತಗಿರಲಿ ಅಂತ. ಐದು ಜನರ ಹೊಟ್ಟೆ ತುಂಬುವಷ್ಟು ಚಿತ್ರಾನ್ನಕ್ಕೆ ಅಕ್ಕಿ, ಕಡಲೆಬೀಜ, ನಿಂಬೆಹಣ್ಣು, ಎಣ್ಣೆ ಎಲ್ಲ ಸೇರಿ 200 ರೂಪಾಯಿ ಆದರೆ ಹೆಚ್ಚು. ಒಳಗಿನ ಫುಡ್ ಕೋರ್ಟಿನಲ್ಲಿ ಆ ದುಡ್ಡಿಗೆ ಐದು ಜನ ಮೆನು ಬೋರ್ಡ್ ನೋಡಿಕೊಂಡು ಬರಬಹುದು.

ಇಂಥ ಅಗ್ಗದ ಊಟ ಒಳಗೆ ಬಂದರೆ ದೇಶದ ಆರ್ಥಿಕತೆ ಏನಾಗಬೇಡ? ಹಾಗಂತ ಪಾರ್ಕಿನವರು ಬಾಯಿಬಿಟ್ಟು ಹೇಳುವುದಿಲ್ಲ. ಮರ್ಯಾದಸ್ಥರು. ಅವರ ಕಾಳಜಿಯೆಲ್ಲ ನಮ್ಮ ಆರೋಗ್ಯದ ಬಗ್ಗೆ. ಮನೆಯ ಊಟಕ್ಕೆ ಏನು ಗ್ಯಾರಂಟಿ? ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್‌ಗೆ 14 ಅಂಕಿಯ ನಂಬರ್ ಇರುತ್ತದೆ. ನಿಮ್ಮ ಅಜ್ಜಿಗೆ ಇದೆಯಾ? ಅರವತ್ತು ವರ್ಷದಿಂದ ಮನೆಮಂದಿಗೆಲ್ಲ ಲೈಸೆನ್ಸ್ ಇಲ್ಲದೆ ಬಡಿಸುತ್ತಿದ್ದಾರೆ. ಯಾರೂ ಕೇಳಿಲ್ಲ, ಅಷ್ಟೇ.

ಇನ್ನು ಕಸದ ವಿಚಾರ. ಹೊರಗಿನ ಊಟ ಬಂದರೆ ಜಾಗ ಗಲೀಜಾಗುತ್ತದಂತೆ. ನಿಜವೇ, ತಿಂದ ಪೇಪರ್ ತಟ್ಟೆಯನ್ನು ಕೂತಲ್ಲೇ ಬಿಟ್ಟು ಎದ್ದು ಹೋಗುವ ಮಹನೀಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಅದಕ್ಕೇ ಪಾರ್ಕಿನವರು ತೊಳೆದು ಮನೆಗೆ ಒಯ್ಯುವ ಸ್ಟೀಲ್ ಡಬ್ಬಿಯನ್ನು ಗೇಟಿನಲ್ಲೇ ತಡೆದು, ಒಳಗೆ ನಮಗೆ ಪೇಪರ್ ತಟ್ಟೆ, ಪೇಪರ್ ಕಪ್, ಸಾಸ್ ಪೊಟ್ಟಣ, ಚಿಪ್ಸ್ ಕವರ್ ಕೊಡುತ್ತಾರೆ. ಪರಿಸರ ಪ್ರೇಮ ಅಂದರೆ ಇದು.

ಸಿನಿಮಾ ಮಂದಿರದವರಿಗಂತೂ ಸುಪ್ರೀಂ ಕೋರ್ಟಿನ ಆಸರೆಯೇ ಸಿಕ್ಕಿದೆ. ಹೊರಗಿನ ತಿಂಡಿ ತಡೆಯಬಾರದು ಎಂದು ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್ 2018ರಲ್ಲಿ ಹೇಳಿತ್ತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಚಿತ್ರಮಂದಿರ ಮಾಲೀಕನ ಖಾಸಗಿ ಜಾಗ, ಷರತ್ತು ಹಾಕುವ ಹಕ್ಕು ಅವನಿಗಿದೆ ಎಂದಿತು. ಯಾರೋ ಜಿಲೇಬಿ ತಂದು ತಿಂದು, ಅಂಟು ಕೈಯನ್ನು ಸೀಟಿಗೆ ಒರೆಸಿದರೆ ತೊಳೆಯುವ ಖರ್ಚು ಯಾರದು ಎಂಬ ಪ್ರಶ್ನೆಯೂ ವಿಚಾರಣೆಯಲ್ಲಿ ಬಂತು. ನ್ಯಾಯವಾದ ಪ್ರಶ್ನೆ. ಕೌಂಟರಿನಲ್ಲಿ ಮಾರುವ ಕ್ಯಾರಮೆಲ್ ಪಾಪ್‌ಕಾರ್ನ್ ಕೈಗೆ ಅಂಟುವುದಿಲ್ಲ, ಅಲ್ವಾ? ನಾಚೋಸ್ ಜೊತೆ ಕೊಡುವ ಚೀಸ್ ಕೂಡ ಬಲು ಶಿಸ್ತಿನದು. ಬಿಲ್ ಆಗಿರುವುದರಿಂದ ಸೀಟಿನ ಗೌರವ ಕಾಪಾಡುತ್ತದೆ.

ಬೆಲೆಗೆ ಕಾನೂನು ಇಲ್ಲವೇ ಎಂದು ಕೇಳಬೇಡಿ. ಇದೆ. ಒಂದೇ ಪೊಟ್ಟಣಕ್ಕೆ ಊರಲ್ಲೊಂದು, ಮಾಲ್‌ನಲ್ಲೊಂದು ಎಂಆರ್‌ಪಿ ಹಾಕಬಾರದು ಎಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಬಹಳ ಕಟ್ಟುನಿಟ್ಟು. ಆದರೆ ಬಕೆಟ್ಟಿಗೆ ಸುರಿದ ಪಾಪ್‌ಕಾರ್ನಿಗೆ, ಲೋಟಕ್ಕೆ ಬಗ್ಗಿಸಿದ ಕೋಲಾಕ್ಕೆ ಎಂಆರ್‌ಪಿ ಎಲ್ಲಿಂದ ಬರಬೇಕು? ಪೊಟ್ಟಣವೇ ಇಲ್ಲವಲ್ಲ!

ನನಗೆ ಹೆಚ್ಚು ಇಷ್ಟವಾಗುವ ಜಾಗ ಕ್ಲೋಕ್ ರೂಂ. ತಪ್ಪೊಪ್ಪಿಕೊಂಡ ಸಂಸಾರಗಳು ಡಬ್ಬಿ ಒಪ್ಪಿಸಿ ಟೋಕನ್ ಪಡೆಯುವುದು ಇಲ್ಲೇ. ತಗಡಿನ ಶೀಟಿನ ಕೆಳಗೆ ಇಡೀ ಕರ್ನಾಟಕದ ಆಹಾರ ಮೇಳ ನಡೆದಿರುತ್ತದೆ. ಒಂದು ಕಡೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಪಕ್ಕದಲ್ಲಿ ಬಾಳೆಲೆಯಲ್ಲಿ ಸುತ್ತಿದ ಕಡುಬು. ಅದರಾಚೆ ನಮ್ಮ ಮೊಸರನ್ನ, ಟೋಕನ್ ನಂಬರ್ ಸಮೇತ ಹುಳಿಯಾಗುತ್ತಾ ಕೂತಿರುತ್ತದೆ. ಹೊರಗೆ ಬಂದು ತಿಂದು ಮತ್ತೆ ಒಳಗೆ ಹೋಗೋಣ ಅಂದರೆ ಟಿಕೆಟ್ಟಿನ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದೆ: ಒಮ್ಮೆ ಹೊರಬಂದರೆ ಮರುಪ್ರವೇಶವಿಲ್ಲ. ಹೀಗಾಗಿ ಅಪ್ಪಂದಿರು ಒಳಗೆ ಎರಡು ಪ್ಲೇಟ್ ಫ್ರೈಡ್ ರೈಸ್ ಕೊಂಡು ಐದು ಜನಕ್ಕೆ ಹಂಚಿ, ತಮಗೆ ಹಸಿವಿಲ್ಲ ಎನ್ನುತ್ತಾರೆ.

ಉತ್ತರ ಕರ್ನಾಟಕದ ಕಡೆ ಎಳ್ಳಮಾವಾಸ್ಯೆ ದಿನ ಇನ್ನೂ ಬಂಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಹೋಳಿಗೆ. ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ಹೊಲಕ್ಕೆಲ್ಲ ನೈವೇದ್ಯ ಎರಚಿ, ಎಲ್ಲರೂ ಕೂತು ಉಣ್ಣುತ್ತಾರೆ. ದಾರಿಹೋಕರನ್ನೂ ಕರೆದು ಕೂರಿಸುತ್ತಾರೆ. ಎಂಥ ಅವ್ಯವಸ್ಥೆ! ಗೇಟಿಲ್ಲ, ಟೋಕನ್ ಇಲ್ಲ, ಕಾಂಬೋ ಆಫರ್ ಇಲ್ಲ. ಯಾವುದಾದರೂ ಕಂಪನಿಗೆ ಆ ಹೊಲಗಳನ್ನು ಟೆಂಡರ್ ಕೊಟ್ಟರೆ ಬದುವಿನ ಮೇಲೆ ಒಂದು ಕೌಂಟರ್ ಇಟ್ಟು ಚರಗವನ್ನೂ ಅಲ್ಲೇ ಕೊಳ್ಳುವಂತೆ ಮಾಡಬಹುದು. ಭೂಮಿತಾಯಿಗೆ ಮಾತ್ರ ಸರ್ವಿಸ್ ಚಾರ್ಜ್ ಬೇಡ, ಅಷ್ಟು ಸಂಸ್ಕೃತಿ ಉಳಿಸಿಕೊಳ್ಳೋಣ.

ಆದರೆ ಎಂಥ ಕೋಟೆಗೂ ಒಂದು ಕಳ್ಳಬಾಗಿಲು ಇರುತ್ತದೆ. ಅದೇ 2023ರ ಆದೇಶದಲ್ಲಿ ಇನ್ನೆರಡು ಮಾತುಗಳಿವೆ. ಚಿತ್ರಮಂದಿರದಲ್ಲಿ ಶುದ್ಧ ಕುಡಿಯುವ ನೀರು ಉಚಿತವಾಗಿ ಸಿಗಬೇಕು. ಎಳೆ ಮಗುವಿಗೆ ಬೇಕಾದಷ್ಟು ಆಹಾರವನ್ನು ಪೋಷಕರು ಒಳಗೆ ಒಯ್ಯಬಹುದು. ಮೊದಲನೆಯದು ಶೌಚಾಲಯದ ಪಕ್ಕದ ಮೂಲೆಯಲ್ಲಿ, ಲೋಟವಿಲ್ಲದ ನಲ್ಲಿಯ ರೂಪದಲ್ಲಿ ಜಾರಿಗೆ ಬಂದಿದೆ. ಎರಡನೆಯದನ್ನು ನಮ್ಮ ಅಜ್ಜಿಯರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ವಾಟರ್ ಪಾರ್ಕುಗಳಿಗೂ ಅದನ್ನು ತಾವೇ ವಿಸ್ತರಿಸಿದ್ದಾರೆ. ಕಂಕುಳಲ್ಲಿ ಒಂದು ವರ್ಷದ ಮೊಮ್ಮಗು, ಕೈಯಲ್ಲಿ ಐದು ಅಂತಸ್ತಿನ ಟಿಫಿನ್ ಕ್ಯಾರಿಯರ್.

"ಏನಮ್ಮ ಇದು?"

"ಕೂಸಿನ ಊಟ ಕಣಪ್ಪ."

"ಇಷ್ಟೊಂದಾ? ಪುಳಿಯೋಗರೆ ಇದೆ, ಹಪ್ಪಳ ಇದೆ, ಉಪ್ಪಿನಕಾಯಿ ಬೇರೆ!"

"ಹಲ್ಲು ಬರ್ತಿದೆ ಕಣಪ್ಪ. ಯಾವಾಗ ಏನು ಕೇಳುತ್ತೋ!"