ಎಂಜಿನ್ ತೆಗೆಯೋದು ಎಲ್ಲಿಂದ?

ಕಳೆದ ಜೂನ್‌ನಲ್ಲಿ ಒಂದಿನ ಮಳೆ ಸ್ವಲ್ಪ ಹೊಳವಾದಾಗ, ಮಿಕ್ಸರ್ ಬಂದಿದ್ದ ರಟ್ಟಿನ ಪೆಟ್ಟಿಗೇಲಿ ಒಂದು ಸ್ಪೇಸ್‌ಶಿಪ್ ಇಟ್ಕೊಂಡು ಸ್ಕೂಟರ್ ಮೇಲೆ ಕಾರವಾರದ ಬೈತಖೋಲ ಬಂದರಿಗೆ ಹೋಗಿದ್ದೆ. ಸ್ಪೇಸ್‌ಶಿಪ್ ಅಂದ್ರೆ ನಾನೇ ಪ್ಲಾಸ್ಟಿಕ್ ಶೀಟ್ ಕೊಯ್ದು ಮಾಡಿದ್ದು, ಒಂದೂವರೆ ಅಡಿ ಉದ್ದ, ಬಣ್ಣ ಇನ್ನೂ ಹಚ್ಚಿರಲಿಲ್ಲ, ಪೂರ್ತಿ ಬೆಳ್ಳಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್ ಇರೋದ್ರಿಂದ ಬೋಟೆಲ್ಲ ದಡದಲ್ಲೇ ಇರ್ತಾವೆ, ಹತ್ರದಿಂದ ಫೋಟೋ ತೆಗೆಯೋಕೆ ವರ್ಷದಲ್ಲಿ ಅದೇ ಎರಡು ತಿಂಗಳು. ಅಲ್ಲಿ ಬಲೆ ರಿಪೇರಿ ಮಾಡ್ತಾ ಕೂತಿದ್ದ ತಾಂಡೇಲರೊಬ್ಬರು (ತಾಂಡೇಲ ಅಂದ್ರೆ ಬೋಟ್ ನಡೆಸೋರು) ಪೆಟ್ಟಿಗೇಲಿ ಎಂತ ಅಂತ ಕೇಳಿದ್ರು. ತೆಗೆದು ಕೊಟ್ಟೆ. ಎಲ್ಲರೂ ಮೇಲಿಂದ ನೋಡ್ತಾರೆ, ಇವರು ಮೊದಲು ಮಗುಚಿ ಹಾಕಿ ತಳ ನೋಡಿದ್ರು.

"ಎಂಜಿನ್ ಎಲ್ಲಿ ಭಟ್ರೇ?" (ನಾನು ಭಟ್ಟ ಅಲ್ಲ, ಹೆಗಡೆ, ಆದ್ರೆ ಶಿರಸಿ ಕಡೆಯವರು ಅಂದ್ರೆ ಅವರಿಗೆ ಎಲ್ರೂ ಭಟ್ರೇ.) ನಾನು ಹಿಂದಿನ ಮೂರು ನಾಝಲ್ ತೋರಿಸಿದೆ. "ಅದು ಸೈಲೆನ್ಸರ್ ಹಂಗಿದೆ. ಎಂಜಿನ್ ಎಲ್ಲಿ?" ಒಳಗೆ ಅಂದೆ. "ಖರಾಬ್ ಆದ್ರೆ ತೆಗೆಯೋದು ಎಲ್ಲಿಂದ?"

ನನ್ನ ಹತ್ರ ಉತ್ತರ ಇರಲಿಲ್ಲ. ಹಿಂದೆ ಪೂರ್ತಿ ಮುಚ್ಚಿಬಿಟ್ಟಿದ್ದೆ, ಒಂದು ಕೈ ಹೋಗೋವಷ್ಟು ಬಾಗಿಲೂ ಇರಲಿಲ್ಲ. ಅವರು ತಮ್ಮ ಬೋಟಿನ ಕಡೆ ಕೈ ತೋರಿಸಿ, ಡೆಕ್ಕಿನ ಮೇಲಿನ ಹಲಗೆ ತೆಗೆದು ಚೈನ್ ಕಟ್ಟಿ ಎಂಜಿನ್ ಹೆಂಗೆ ಎತ್ತುತಾರೆ ಅಂತ ಹೇಳಿ, ಮತ್ತೆ ಬಲೆಗೆ ಕೂತ್ರು.

ಆರು ವರ್ಷದಿಂದ ಈ ಕೆಲಸ ಮಾಡ್ತಾ ಇದ್ದೇನೆ, ಇಂಥ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ. ಎಷ್ಟು ಖರ್ಚಾಯ್ತು, ಮಾರ್ತೀರಾ, ಹಾರ್ತದಾ, ಯಾವ ಸಿನಿಮಾದ್ದು, ತ್ರೀಡಿ ಪ್ರಿಂಟರ್ ಇದ್ರೆ ಒಂದು ರಾತ್ರೀಲಿ ಆಗ್ತಿತ್ತಲ್ಲ, ಇಷ್ಟೇ. ನಮ್ಮ ಆಯಿ ಶಿರಸಿಯಿಂದ ಬಂದಾಗ "ತಮಾ, ಇದ್ನೆಲ್ಲ ಮಳೆಗಾಲದಲ್ಲಿ ಎಲ್ಲಿಡವು, ಬೂಸ್ಟು ಹಿಡೀತಲಾ" ಅಂದಿದ್ಲು, ಅದೊಂದು ಸ್ವಲ್ಪ ಉಪಯೋಗದ ಮಾತು.

ನಾನು ಹೇಳಬೇಕು ಅಂತಿರೋದು ಇಷ್ಟೇ. ಇಲ್ಲದ ಹಡಗನ್ನ ಮಾಡೋ ನಾವೆಲ್ಲ ಬೇರೆ ಯಾರೋ ಕಲ್ಪಿಸಿದ, ಸಿನಿಮಾದಲ್ಲಿ ಬಂದ ಹಡಗನ್ನ ನೋಡಿ ಮಾಡ್ತೇವೆ, ಫೋಟೋದ ಫೋಟೋ ತೆಗೆದ ಹಾಗೆ. ಒಂದು ಸುತ್ತು ಕೆಲಸ ಮಾಡೋ ಬೋಟು ನೋಡಿ ಬನ್ನಿ. ಕಾರವಾರ, ಬೇಲೇಕೇರಿ, ತದಡಿ, ಎಲ್ಲಾದ್ರೂ ಸರಿ.

ಅದಕ್ಕೆ ಮೊದಲು ಶೀಟಿನ ವಿಷಯ, ಕೇಳೋರು ಜಾಸ್ತಿ ಅದಕ್ಕೆ. ಇದು ಸನ್‌ಬೋರ್ಡ್ ಅಲ್ಲ. ಬೋರ್ಡ್ ಬರೆಯೋ ಅಂಗಡೀಲಿ ಸಿಗೋ ಸನ್‌ಬೋರ್ಡ್ ಅಂದ್ರೆ ಪಿವಿಸಿ ಫೋಮು, ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ, ಕೊಯ್ದ ಅಂಚು ಎಷ್ಟು ಉಜ್ಜಿದ್ರೂ ಬ್ರೆಡ್ಡಿನ ಹಾಗೆ ಕಾಣ್ತದೆ. ಒಳಗಿನ ಚೌಕಟ್ಟಿಗೆ ಅಡ್ಡಿಲ್ಲ. ಮೇಲಿನ ಮೈಗೆ ಪಾಲಿಸ್ಟೈರೀನ್ ಶೀಟೇ ಬೇಕು, ಹಿಪ್ಸ್ ಶೀಟ್ ಅಂತ ಹುಡುಕಿದ್ರೆ ಆನ್‌ಲೈನಲ್ಲಿ ಸಿಗ್ತದೆ, ಫ್ರಿಜ್ಜಿನ ಒಳಗಿನ ಬಿಳಿ ಗೋಡೆ ಹೆಚ್ಚುಕಮ್ಮಿ ಅದೇ ಜಾತಿ. ಅರ್ಧ, ಒಂದು, ಒಂದೂವರೆ ಮಿಲಿಮೀಟರ್, ಈ ಮೂರು ದಪ್ಪದ್ದು ಇಟ್ಕೊಂಡ್ರೆ ಸಾಕು. ಇದನ್ನ ಪೂರ್ತಿ ಕೊಯ್ಯೋದೇ ಬೇಡ. ಸ್ಟೀಲ್ ಸ್ಕೇಲ್ ಇಟ್ಟು ಕಟರಿಂದ ಎರಡು ಸಲ ಗೀರಿ, ಗೀರಿದ ಗೆರೆ ಟೇಬಲ್ ಅಂಚಿಗೆ ಬರೋ ಹಾಗೆ ಇಟ್ಟು ಬಗ್ಗಿಸಿದ್ರೆ ಟಕ್ ಅಂತ ನೆಟ್ಟಗೆ ಮುರೀತದೆ. ಆ ಟಕ್ ಅನ್ನೋ ಸದ್ದಿಗೇ ಅರ್ಧ ಜನ ಈ ಹುಚ್ಚಿಗೆ ಬಿದ್ದಿರ್ತಾರೆ ಅಂತ ನನ್ನ ಅನುಮಾನ. ಕೋನ್ ಬೇಕಾ, ಶೇಂಗಾ ಪೊಟ್ಟಣದ ಲೆಕ್ಕ: ಬುಡದ ತ್ರಿಜ್ಯ 20 ಮಿಲಿಮೀಟರ್, ಓರೆ ಉದ್ದ 60 ಬೇಕು ಅಂದ್ರೆ, 60ರ ತ್ರಿಜ್ಯದ ವೃತ್ತದಲ್ಲಿ 120 ಡಿಗ್ರಿ ತುಂಡು ಕೊಯ್ದು ಸುತ್ತೋದು. ಹೈಸ್ಕೂಲಲ್ಲಿ ಈ ಲೆಕ್ಕಕ್ಕೆ ನಾನು ಬೆಂಚಿನ ಮೇಲೆ ನಿಂತಿದ್ದೆ, ಈಗ ಬಾಯಲ್ಲೇ ಮಾಡ್ತೇನೆ.

ಅಂಟಿಸೋಕೆ ಫೆವಿಕ್ವಿಕ್ ಅಲ್ಲ, ನೀರಿನಂಥ ಸಾಲ್ವೆಂಟು. ಎರಡು ತುಂಡು ಜೋಡಿಸಿ ಹಿಡಿದು, ಸಣ್ಣ ಬ್ರಷ್ಷಿಂದ ಸಂದಿಗೆ ಒಂದು ಹನಿ ಮುಟ್ಟಿಸಿದ್ರೆ ತಾನಾಗೇ ಸಂದಿಗುಂಟ ಓಡ್ತದೆ, ದೀಪದ ಬತ್ತಿ ಎಣ್ಣೆ ಎಳ್ಕೊಳ್ಳೋ ಹಾಗೆ. ಎರಡೂ ಬದಿಯ ಪ್ಲಾಸ್ಟಿಕ್ ಚೂರು ಕರಗಿ ಒಂದಾಗ್ತದೆ, ಸಾಲ್ವೆಂಟು ಹಾರಿಹೋದ್ಮೇಲೆ ಅಲ್ಲಿ ಅಂಟು ಅಂತಲೇ ಇರೋದಿಲ್ಲ. ಕಿಟಕಿ ತೆಗೆದಿಟ್ಟೇ ಮಾಡಬೇಕು, ಆ ವಾಸನೆ ತಲೆಗೆ ಒಳ್ಳೇದಲ್ಲ. ಕಾರವಾರದ ಜುಲೈನಲ್ಲಿ ಕಿಟಕಿ ತೆಗೆದ್ರೆ ಟೇಬಲ್ ಮೇಲೆ ಇರಚಲು ಹೊಡೀತದೆ, ಅದು ಬೇರೆ ಕತೆ.

ನನ್ನ ಮೊದಲನೇ ಹಡಗು ಸತ್ತಿದ್ದು ಈ ಸಾಲ್ವೆಂಟಿಂದ. ಚೌತಿ ಮುಗಿದು ಗಣಪತಿ ಮಂಟಪದ ಥರ್ಮಕೋಲ್ ಅಟ್ಟದ ಮೇಲಿತ್ತು, ಪುಕ್ಕಟೆ ಸಿಕ್ತಲ್ಲ ಅಂತ ಅದನ್ನೇ ಒಳಗಿನ ತಿರುಳಾಗಿ ಕೆತ್ತಿ, ಮೇಲೆ ಅರ್ಧ ಮಿಲಿಮೀಟರ್ ಶೀಟ್ ಹೊದಿಸಿ, ಧಾರಾಳವಾಗಿ ಸಾಲ್ವೆಂಟ್ ಹಾಕಿ ಮುಚ್ಚಿದೆ. ರಾತ್ರಿ ಮಲಗೋವಾಗ ಎಷ್ಟು ಚಂದ ಇತ್ತು ಅಂದ್ರೆ ಎರಡು ಸಲ ಎದ್ದು ಲೈಟ್ ಹಾಕಿ ನೋಡಿದ್ದೆ. ಬೆಳಿಗ್ಗೆ ಅದರ ಹೊಟ್ಟೆ ನಾಕು ದಿನ ಮೇವಿಲ್ಲದ ದನದ ಹಾಗೆ ಒಳಗೆ ಹೋಗಿತ್ತು. ಬಿಚ್ಚಿದ್ರೆ ತಿರುಳೇ ಇಲ್ಲ, ಒಂದು ಚಮಚ ಗೋಂದು ಅಷ್ಟೇ. ಥರ್ಮಕೋಲ್ ಅಂದ್ರೂ ಅದೇ ಪಾಲಿಸ್ಟೈರೀನ್, ಉಬ್ಬಿಸಿದ್ದು, ಶೀಟನ್ನ ಕರಗಿಸೋದು ಅದನ್ನ ಬಿಡ್ತದಾ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಈಗ ಬೇಕಂತಲೇ ಶೀಟಿನ ಚೂರುಪಾರು ಬಾಟ್ಲೀಲಿ ಹಾಕಿ ಸಾಲ್ವೆಂಟಲ್ಲಿ ಕರಗಿಸಿಟ್ಕೊಳ್ತೇನೆ, ಸಂದಿ ತುಂಬೋಕೆ ಅದರಷ್ಟು ಒಳ್ಳೇ ಲಪ್ಪ ಬೇರೆ ಇಲ್ಲ.

ಬಣ್ಣ ಮಾತ್ರ ಮಳೆಗಾಲದಲ್ಲಿ ಮುಟ್ಟೋದಿಲ್ಲ. ಗಾಡಿಗೆ ಹೊಡೆಯೋ ಸ್ಪ್ರೇ ಪೇಂಟು ಬೇಗ ಆರ್ತದೆ, ಬೇಗ ಆರೋವಾಗ ಮೇಲ್ಮೈ ತಣ್ಣಗಾಗ್ತದೆ, ಗಾಳೀಲಿರೋ ನೀರೆಲ್ಲ ಬಂದು ಅಲ್ಲಿ ಕೂತು ಬೂದಿ ಬಳಿದ ಹಾಗೆ ಬಿಳಿಚಿಕೊಳ್ತದೆ. ಹಾಗಾಗಿ ಜೂನಿಂದ ಕೊಯ್ಯೋದು ಅಂಟಿಸೋದು, ಬಣ್ಣ ಏನಿದ್ರೂ ದೀಪಾವಳಿ ಕಳೆದ ಮೇಲೆ. ಬೋಟಿನವರದ್ದು ಎರಡು ತಿಂಗಳು ರಜೆ, ನನ್ನ ಪೇಂಟ್ ಕ್ಯಾನಿಗೆ ಐದು.

ಈಗ ಬೋಟಿನ ವಿಷಯಕ್ಕೆ ಬರ್ತೇನೆ. 1960-70ರ ದಶಕದಲ್ಲಿ ಇಂಗ್ಲಿಷ್ ಸಿನಿಮಾಕ್ಕೆ ಮಾಡೆಲ್ ಮಾಡೋರು ಅಂಗಡೀಲಿ ಸಿಗೋ ಟ್ಯಾಂಕು, ಯುದ್ಧನೌಕೆ, ವಿಮಾನದ ಕಿಟ್ ತಂದು ಅದರ ಬಿಡಿಭಾಗ ಎಲ್ಲ ತಮ್ಮ ಸ್ಪೇಸ್‌ಶಿಪ್ ಮೈಮೇಲೆ ಅಂಟಿಸಿದ್ರು, ದೊಡ್ಡದು ಕಾಣಬೇಕು ಅಂತ. ಇಂಥ ಚಿಲ್ಲರೆ ಸಾಮಾನಿಗೆ ಗ್ರೀಬಲ್ ಅಂತ ಹೆಸರು. ಅವರು ಮಾಡಿದ್ದು ಬಹಳ ಬುದ್ಧಿವಂತಿಕೆ, ನಾನು ಬೇಡ ಅನ್ನೋದಿಲ್ಲ. ಆದ್ರೆ ಈಗ ನಮ್ಮ ಹುಡುಗ್ರು ಮಾಡೋದು ನೋಡಿದ್ರೆ ಚುರುಮುರಿ ಮೇಲೆ ಸೇವ್ ಸುರಿದ ಹಾಗೆ ಇಡೀ ಹಡಗಿಗೆ ಸುರೀತಾರೆ, ಇದು ಎಂತಕ್ಕೆ ಅಂತ ಕೇಳಿದ್ರೆ ಡೀಟೇಲ್ ಅಂತಾರೆ. ಮೀನಿನ ಹಿಂಡನ್ನ ಸುತ್ತುವರಿಯೋ ಬಲೆ ಹಾಕೋ ಒಂದು ಪರ್ಸೀನ್ ಬೋಟಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ವಿಂಚು, ಹಗ್ಗ, ಡಬ್ಬ, ರಾಟೆ ಎಲ್ಲ ಒಂದು ಕಡೆ ಕಿಕ್ಕಿರಿದಿರ್ತದೆ, ಬಲೆ ಇಳಿಯೋ ಬದಿ ಮಾತ್ರ ಪೂರ್ತಿ ಬೋಳು, ಒಂದು ಮೊಳೆ ಎದ್ದಿದ್ರೂ ಅಲ್ಲಿ ಬಲೆ ಸಿಕ್ಕಿ ಹರೀತದೆ ಅದಕ್ಕೆ. ಬೋಳು ಜಾಗಕ್ಕೂ ಒಂದು ಕಾರಣ ಇದೆ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ. ಮತ್ತೆ ಬದಿಗೆ ನೇತು ಹಾಕಿದ ಹಳೇ ಟಯರು. ನನ್ನ ಹಡಗಿಗೂ ಡಾಕಿಂಗ್ ಬಾಗಿಲ (ಬೇರೆ ಹಡಗು ಬಂದು ಕೂಡೋ ಬಾಗಿಲು) ಸುತ್ತ ಆರು ಟಯರ್ ಕಟ್ಟಿದ್ದೇನೆ, ವಯರಿನ ಮೇಲಿನ ರಬ್ಬರ್ ಕೊಯ್ದು. ನೋಡಿದವರೆಲ್ಲ ನಗ್ತಾರೆ, ಬೈತಖೋಲದಲ್ಲಿ ಯಾರೂ ನಗಲಿಲ್ಲ.

ಅಳತೆ ಬಗ್ಗೆ ಕಲಿತಿದ್ದು ಚಪಲ್ ಅನ್ನೋ ಹಳೇ ಯುದ್ಧನೌಕೆಯಿಂದ. ಕಾರವಾರದವರಿಗೆ ಹೇಳೋದು ಬೇಡ, ಟಾಗೋರ್ ಬೀಚಲ್ಲಿ 2006ರಿಂದ ನಿಂತಿರೋ ಐಎನ್‌ಎಸ್ ಚಪಲ್, ನಾಲ್ಕು ಕ್ಷಿಪಣಿ ಡಬ್ಬ ಹೊತ್ತಿದ್ದ ಸುಮಾರು 38 ಮೀಟರ್ ಹಡಗು. ನನ್ನ ಮಾಡೆಲ್ಲು 1/72, ಅಂದ್ರೆ ನಿಜದ ಅಳತೆಯ ಎಪ್ಪತ್ತೆರಡರಲ್ಲಿ ಒಂದು ಪಾಲು, ಆ ಲೆಕ್ಕದಲ್ಲಿ ಚಪಲ್ ಅರ್ಧ ಮೀಟರಿಗಿಂತ ಚೂರು ಜಾಸ್ತಿ ಆಗ್ತದೆ, ಮನುಷ್ಯ ಎರಡೂವರೆ ಸೆಂಟಿಮೀಟರಿಗೂ ಚೂರು ಕಮ್ಮಿ. ಹಡಗು ದೊಡ್ಡದು ಅಂತ ಕಣ್ಣಿಗೆ ಅನ್ನಿಸೋದು ಮನುಷ್ಯನ ಕೈಕಾಲು ತಾಗೋ ಜಾಗದಿಂದ: ಏಣಿ, ಬಾಗಿಲು, ಹಿಡಿಕೆ. ಸೊಂಟದೆತ್ತರದ ಕಂಬಿ ಒಂದು ಮೀಟರ್ ಅಂದ್ರೆ ನನಗೆ 14 ಮಿಲಿಮೀಟರ್. ಅದು 20 ಆಯ್ತು ಅಂದ್ರೆ ಇಡೀ ಹಡಗು ಆಟಿಕೆ ಆಗಿಬಿಡ್ತದೆ, ಅದರ ಮೇಲೆ ಎಷ್ಟು ಸಾಮಾನು ಅಂಟಿಸಿದ್ರೂ ದಂಡ. ಹಡಗಿನ ಬಾಗಿಲಿಗೆ ಮೂಲೆ ಯಾವಾಗಲೂ ಗುಂಡಗೆ ಯಾಕೆ ಅಂದ್ರೆ ಚೂಪು ಮೂಲೇಲಿ ಎಳೆತ ಎಲ್ಲ ಬಂದು ಸೇರ್ತದೆ, ಬಿರುಕು ಶುರುವಾಗೋದು ಅಲ್ಲಿಂದ್ಲೇ. ವಿಮಾನದ ಕಿಟಕಿಗೂ ಅದೇ ಕಾರಣ. ನನ್ನ ಹಳೇ ಎರಡು ಹಡಗಿಗೆ ಚೌಕ ಬಾಗಿಲು ಇದಾವೆ, ನಮ್ಮ ಶಿರಸಿ ಮನೆಯ ದೇವರ ಕಪಾಟಿನ ಹಾಗೆ.

ಮೈಮೇಲೆ ತಗಡು ಕೂಡೋ ಗೆರೆ ಕೊರೆಯೋದು ಇನ್ನೊಂದು ಧ್ಯಾನ. ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೇಲಿ ಕಾವಿ ಚಿತ್ರ ಇದೆಯಲ್ಲ, ಗಾರೆ ಮೇಲೆ ಕೆಮ್ಮಣ್ಣು ಬಳಿದು ಮೊನೆಯಿಂದ ಕೆರೆದು ಒಳಗಿನ ಬಿಳಿ ಕಾಣೋ ಹಾಗೆ ಮಾಡೋದು, ಚಿಕ್ಕಂದಿನಲ್ಲಿ ಆಯಿ ಸಾಲಲ್ಲಿ ನಿಂತಾಗ ನಾನು ಅದರ ಗೆರೆ ಮೇಲೆ ಕಣ್ಣು ಓಡಿಸ್ತಾ ಇರ್ತಿದ್ದೆ. ಅಲ್ಲೂ ಇಲ್ಲೂ ಒಂದೇ ಕಷ್ಟ, ಕೈ ಜಾರಿದ್ರೆ ಅಳಿಸೋಕೆ ಬರೋದಿಲ್ಲ. ಮೊದಲನೇ ಎಳೆತ ಭಾರ ಹಾಕದೆ, ಬರೀ ದಾರಿ ತೋರಿಸೋವಷ್ಟು, ಆಮೇಲೆ ಅದೇ ದಾರೀಲಿ ನಾಕೈದು ಸಲ.

ತುಕ್ಕಿನ ವಿಷಯದಲ್ಲಿ ನನಗೂ ನನ್ನ ಗೆಳೆಯನಿಗೂ ಜಗಳ. ಬೋಟಿನ ಹಾಗೆ ನೀರು ಹೋಗೋ ತೂತಿನ ಕೆಳಗೆ ತುಕ್ಕಿನ ಧಾರೆ ಬಿಡಿಸಿದ್ದೆ, ಅವನು ಬಾಹ್ಯಾಕಾಶದಲ್ಲಿ ನೀರೂ ಇಲ್ಲ ಗಾಳೀನೂ ಇಲ್ಲ, ತುಕ್ಕು ಎಲ್ಲಿಂದ ಬಂತು, ಕೆಳಗೆ ಅಂದ್ರೆ ಯಾವ ಕಡೆ ಅಂದ. ಅವನು ಹೇಳೋದು ಸರಿ. ನಾನು, ಇದು ಕಾರವಾರದ ಹಡಗು, ಎಲ್ಲಿಗೆ ಹೋದ್ರೂ ಮಳೆಗಾಲಕ್ಕೆ ದಡಕ್ಕೆ ಬರ್ತದೆ ಅಂದು ತಪ್ಪಿಸ್ಕೊಂಡೆ. ಆದ್ರೆ ಒಂದು ವಿಷಯದಲ್ಲಿ ನಾನು ಅವನ ಕಡೆ: ಸಿನಿಮಾ ಹಡಗಿಗೆ ರೇಡಿಯೇಟರ್ ಇರೋದೇ ಅಪರೂಪ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಫೋಟೋ ನೋಡಿ, ಸೋಲಾರ್ ಪ್ಯಾನಲ್ ಅಲ್ಲದೆ ಬಿಳೀ ಅಗಲ ತಗಡು ಬೇರೆ ಚಾಚಿರ್ತಾವೆ, ನಿರ್ವಾತದಲ್ಲಿ ಶಾಖ ತಗೊಂಡು ಹೋಗೋಕೆ ಗಾಳಿ ಇಲ್ಲ, ಹಾಗೆ ಹರಡಿಯೇ ಹೊರಗೆ ಹಾಕಬೇಕು. ನಾನೂ ಎರಡು ಇಟ್ಟಿದ್ದೆ. ತಾಂಡೇಲರು ಅದನ್ನ ಮುಟ್ಟಿ "ಇದು ಹಾಯಿಯಾ?" ಅಂದ್ರು. ರೇಡಿಯೇಟರ್ ಅಂದ ಕೂಡ್ಲೆ "ಹಾಂ, ನಮ್ದಕ್ಕೆ ಸಮುದ್ರದ ನೀರು ಉಂಟಲ್ಲ" ಅಂದ್ರು. ಇಂಜಿನಿಯರಿಂಗ್ ಓದಿದ ನನ್ನ ಭಾವನಿಗೆ ಇದನ್ನ ಅರ್ಧ ಗಂಟೆ ವಿವರಿಸಿದ್ದೆ.

ಆವತ್ತು ಮನೆಗೆ ಬಂದು ಹದಿನೈದು ದಿನ ಪೆಟ್ಟಿಗೆ ತೆಗೀಲಿಲ್ಲ. ಸಿಟ್ಟು, ಅವರ ಮೇಲಲ್ಲ. ಆಮೇಲೆ ಒಂದು ರಾತ್ರಿ ಕೂತು ಹಿಂಭಾಗದ ಬೆನ್ನ ಮೇಲೆ 40ಕ್ಕೆ 28 ಮಿಲಿಮೀಟರಿನ ಒಂದು ಆಯತ ಗುರುತು ಹಾಕಿ, ಮೂಲೆ ಗುಂಡಗೆ ಮಾಡಿ ಕೊರೆದೆ. ನಿಜದ ಅಳತೇಲಿ ಹೆಚ್ಚುಕಮ್ಮಿ ಮೂರು ಮೀಟರಿಗೆ ಎರಡು, ಎಂಜಿನ್ ಹೊರಗೆ ಬರ್ತದೆ. ಎತ್ತೋಕೆ ನಾಕು ಕೊಂಡಿ, ತಾಮ್ರದ ತಂತಿ ಬಗ್ಗಿಸಿ. ಎಲ್ಲ ಆದ್ಮೇಲೆ ನೋಡ್ತೇನೆ, ರೇಡಿಯೇಟರಿಗೆ ಹೋಗೋ ಪೈಪು ಸರಿಯಾಗಿ ಮುಚ್ಚಳದ ಮೇಲೇ ಹಾದು ಹೋಗಿದೆ, ಮುಚ್ಚಳ ಏಳೋದೇ ಇಲ್ಲ. ಪೈಪ್ ಕಿತ್ತೆ, ಬದಿಯಿಂದ ಸುತ್ತಿಸಿ ತಂದೆ, ಬದೀಲಿದ್ದ ಏಣಿ ಹೋಯ್ತು, ಏಣಿಗೆ ಬೇರೆ ಜಾಗ ಹುಡುಕಿದೆ. ಮೂರು ವಾರ ಹಿಡೀತು, ಆದ್ರೆ ಹಿಂಭಾಗ ಮೊದಲ ಸಲ ಯಾರೋ ಅಲ್ಲಿ ಕೆಲಸ ಮಾಡಿದ ಹಾಗೆ ಕಂಡಿತು.

ಅಷ್ಟೊತ್ತಿಗೆ ಆಗಸ್ಟ್ ಬಂದು ಬೋಟೆಲ್ಲ ನೀರಿಗೆ ಇಳಿದಿದ್ವು. ಅವರು ಮತ್ತೆ ಸಿಕ್ಕಿದ್ದು ಸೆಪ್ಟೆಂಬರಲ್ಲಿ, ಮೀನು ಮಾರ್ಕೆಟ್ ಹತ್ರ, ನಾನು ಮೀನು ತಿನ್ನೋನಲ್ಲ, ಬ್ಯಾಂಕಿಗೆ ಹೋಗ್ತಾ ಇದ್ದೆ. ಮೊಬೈಲಲ್ಲಿ ಫೋಟೋ ತೋರಿಸಿದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ ಕೊಂಡಿ ಎಣಿಸಿದ್ರು. ಅಡ್ಡಿಲ್ಲ ಅಂದ್ರು. ಆಮೇಲೆ, "ಮುಚ್ಚಳ ತೆಗೆದ್ರೆ ಒಳಗೆ ಎಂಜಿನ್ ಉಂಟಾ?"

ಇಲ್ಲ ಅಂದೆ.

"ಎಂತ ಭಟ್ರೇ ಮತ್ತೆ" ಅಂದು ಚೀಲ ಎತ್ಕೊಂಡು ಹೋದ್ರು.

ಈಗ ಟೇಬಲ್ ಮೇಲೆ ಎರಡು ಹಳೇ ಬಾಲ್‌ಪೆನ್ನಿನ ಕೊಳವೆ, ಕೆಟ್ಟ ಗಡಿಯಾರದ ಒಂದು ಹಲ್ಲುಚಕ್ರ, ಅರ್ಧ ಮಿಲಿಮೀಟರ್ ಶೀಟಿನ ಹದಿನಾರು ಬಿಲ್ಲೆ ಇದಾವೆ. ಎಂಜಿನ್ 38 ಮಿಲಿಮೀಟರ್ ಉದ್ದ ಮೀರೋ ಹಾಗಿಲ್ಲ.